ಮಾತ್ರೆ ಚೀಟಿಯಲ್ಲಿ ಬರೆಯದ ಮಾತು

ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕೆ ‘ಶುಗರ್’ ಇದೆ? ಒಬ್ಬರಿಗೂ ಇಲ್ಲ ಅನ್ನುವ ಮನೆ ಈಗ ಸಿಗೋದೇ ಕಷ್ಟ. ಮಾವನವರಿಗೆ ಇರುತ್ತೆ, ಇಲ್ಲವೇ ತವರಿನಲ್ಲಿ ಅಮ್ಮನಿಗೆ ಇರುತ್ತೆ. ಕೆಲವು ಮನೆಗಳಲ್ಲಿ ನಲವತ್ತು ದಾಟುವ ಮೊದಲೇ ಯಜಮಾನರಿಗೂ ಬಂದು ಕೂತಿರುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ!

ಇಷ್ಟು ಜನರಿಗೆ ಡಾಕ್ಟರು ಕೊಡುವ ಸಮಯವಾದರೂ ಎಷ್ಟು? ಹೊರಗೆ ಉದ್ದದ ಸಾಲು ನಿಂತಿರುತ್ತೆ. ರಿಪೋರ್ಟ್ ನೋಡಿ, ಮಾತ್ರೆ ಬರೆದು, ‘ಡಯಟ್ ಮಾಡಿ, ವಾಕಿಂಗ್ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ’ ಅನ್ನುವಷ್ಟರಲ್ಲಿ ಮುಂದಿನವರು ಒಳಗೆ ಬಂದಿರುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಚೀಟಿ ಹಿಡಿದು ಮನೆಗೆ ಬಂದ ಮೇಲೆ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಎಲ್ಲವೂ ನಮ್ಮ ಅಡುಗೆ ಮನೆಗೇ ಬಂದು ನಿಲ್ಲುತ್ತವೆ. ಮುದ್ದೆ ಎಷ್ಟು ಹಾಕಲಿ? ಬೆಲ್ಲ ಆದರೆ ಪರವಾಗಿಲ್ವಾ? ಸೋಮವಾರ ಒಪ್ಪತ್ತು ಇದ್ದರೆ ಮಾತ್ರೆ ನುಂಗಬೇಕಾ, ಬೇಡವಾ? ಉತ್ತರ ಯಾರನ್ನು ಕೇಳೋದು? ಪಕ್ಕದ ಮನೆಯವರು ಹಾಗಲಕಾಯಿ ರಸ ಅಂತಾರೆ, ಓರಗಿತ್ತಿ ಮೆಂತ್ಯ ಅಂತಾಳೆ, ಮೊಬೈಲಿಗೆ ಬಂದ ಮೆಸೇಜು ಮಾತ್ರೆಯನ್ನೇ ಬಿಡಿ ಅನ್ನುತ್ತೆ.

ಈ ಪ್ರಶ್ನೆಗಳಿಗೆ ಉತ್ತರ ಹೇಳುವುದನ್ನೇ ಕೆಲಸವಾಗಿ ಮಾಡಿಕೊಂಡವರು ಆಸ್ಪತ್ರೆಯಲ್ಲಿದ್ದಾರೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರೇ ಡಯಾಬಿಟಿಸ್ ಎಜುಕೇಟರ್.

ಯಾರು ಇವರು?

ದೊಡ್ಡ ಊರಿನ ಖಾಸಗಿ ಆಸ್ಪತ್ರೆಗಳಲ್ಲಿ ಬಾಗಿಲ ಮೇಲೆ ಈ ಹೆಸರಿನ ಫಲಕವೇ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಕೆಲಸ ‘ಆಪ್ತ ಸಮಾಲೋಚಕಿ’ ಅನ್ನುವ ಹೆಸರಿನಲ್ಲಿ ನಡೆಯುತ್ತದೆ. ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ತಡೆಯಲು ಕೇಂದ್ರ ಸರ್ಕಾರ 2010ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಮೊದಲು 100 ಜಿಲ್ಲೆಗಳಲ್ಲಿ ಶುರುವಾದದ್ದು ಆಮೇಲೆ ಉಳಿದ ಕಡೆಗೂ ಬಂತು. ಆಸ್ಪತ್ರೆಯಲ್ಲಿ ನೀವು ನೋಡಿರಬಹುದಾದ ‘ಎನ್‌ಸಿಡಿ ಕ್ಲಿನಿಕ್’ ಅದರದ್ದೇ ಕೂಸು. ಸಮುದಾಯ ಆರೋಗ್ಯ ಕೇಂದ್ರದ ಕ್ಲಿನಿಕ್‌ನಲ್ಲೂ ಡಾಕ್ಟರು, ನರ್ಸಿನ ಜೊತೆಗೆ ಒಬ್ಬ ಸಮಾಲೋಚಕರು ಇರಬೇಕು ಅಂತ ಆ ಕಾರ್ಯಕ್ರಮವೇ ಹೇಳುತ್ತದೆ. ಆ ಹುದ್ದೆ ಖಾಲಿ ಇದ್ದಾಗ ಎಷ್ಟೋ ಕಡೆ ಸ್ಟಾಫ್ ನರ್ಸೇ ಈ ಕೆಲಸವನ್ನೂ ನೋಡಿಕೊಳ್ಳುತ್ತಾರೆ.

ಈ ಕೆಲಸಕ್ಕೆ ನೂರು ವರ್ಷದ ಹಿನ್ನೆಲೆ ಇದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಹುಡುಗ ಚೇತರಿಸಿಕೊಂಡ. ಆದರೆ ಔಷಧಿ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ದಿನಾ ಮನೆಯಲ್ಲೇ ಸೂಜಿ ಚುಚ್ಚಿಕೊಳ್ಳಬೇಕು, ಊಟವನ್ನು ಅದಕ್ಕೆ ಹೊಂದಿಸಬೇಕು. ಇದನ್ನೆಲ್ಲ ಕಲಿಸುವವರು ಬೇಕಾಯಿತು. ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಎಲಿಯಟ್ ಜೋಸ್ಲಿನ್ ಅವರು 1918ರಲ್ಲೇ ರೋಗಿಗಳು ಓದಲೆಂದು ಕೈಪಿಡಿ ಬರೆದಿದ್ದರು. ರೋಗಿಗಳಿಗೆ ಹೇಳಿಕೊಡಲು ನರ್ಸ್‌ಗಳನ್ನು ತಯಾರು ಮಾಡಿದವರಲ್ಲಿ ಅವರು ಮೊದಲಿಗರು.

ಮುದ್ದೆ ಒಳ್ಳೇದು, ಆದರೆ ಎಷ್ಟು?

ಇಂಥ ಒಂದು ಮೇಜು ಕೊಳ್ಳೇಗಾಲದ ಕಡೆ ಇದೆ ಅಂದುಕೊಳ್ಳಿ. ಕೊಳ್ಳೇಗಾಲವೇ ಯಾಕೆ ಅಂತೀರಾ? ನಾವು ಬೆಂಗಳೂರು, ಮೈಸೂರಿನ ಫ್ಲ್ಯಾಟ್‌ಗಳಲ್ಲಿದ್ದರೂ ಅತ್ತೆ–ಮಾವ, ಅಪ್ಪ–ಅಮ್ಮ ಇರುವುದು ಇಂಥ ಊರುಗಳಲ್ಲೇ. ಫೋನಿನಲ್ಲಿ ‘ಮಾತ್ರೆ ತಗೊಂಡ್ರಾ?’ ಅಂತ ಕೇಳಿ ಸುಮ್ಮನಾಗುತ್ತೇವೆ. ಅಲ್ಲಿನ ಊಟ, ಹರಕೆ, ನಡಿಗೆ, ದುಡಿಮೆ ಎಲ್ಲವೂ ಸಕ್ಕರೆ ಕಾಯಿಲೆಯ ಜೊತೆ ಹೇಗೆ ತಳಕು ಹಾಕಿಕೊಂಡಿವೆ ಅನ್ನೋದು ಚೀಟಿಯಲ್ಲಿ ಕಾಣಿಸುವುದಿಲ್ಲ.

“ಬೆಳಗ್ಗೆ ಏನು ತಿಂದ್ರಮ್ಮ?”

“ಏನೂ ಇಲ್ಲ ಕನವ್ವ. ಒಂದು ಲೋಟ ಟೀ, ಎರಡು ಬನ್ನು ಅಷ್ಟೆ.”

ಆ ‘ಅಷ್ಟೆ’ಯಲ್ಲೇ ಸಕ್ಕರೆಯೂ ಇದೆ, ಮೈದಾವೂ ಇದೆ. ಒಳ್ಳೆಯ ಸಮಾಲೋಚಕಿ ಅಲ್ಲಿ ಬೈಯುವುದಿಲ್ಲ. ಟೀಗೆ ಎಷ್ಟು ಚಮಚ ಸಕ್ಕರೆ, ದಿನಕ್ಕೆ ಎಷ್ಟು ಲೋಟ ಅಂತ ಮೆಲ್ಲಗೆ ಕೇಳುತ್ತಾಳೆ. ಆಮೇಲೆ ಮಾತು ‘ಹಿಟ್ಟಿ’ಗೆ ಬರುತ್ತದೆ. ಆ ಕಡೆಯವರಿಗೆ ಹಿಟ್ಟು ಅಂದರೆ ಮುದ್ದೆ. ‘ರಾಗಿ ತಿಂದರೆ ಶುಗರ್ ಏರಲ್ಲ, ಎಷ್ಟು ಬೇಕಾದರೂ ಉಣ್ಣಬಹುದು’ ಅನ್ನುವ ನಂಬಿಕೆ ಹಳ್ಳಿಯಲ್ಲೂ ಇದೆ, ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೆ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ ಇದ್ದರೆ ರಾಗಿಯಲ್ಲಿ ಸುಮಾರು 67 ಗ್ರಾಂ. ಅಂಥ ದೊಡ್ಡ ವ್ಯತ್ಯಾಸವೇನಿಲ್ಲ ನೋಡಿ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ. ಅಕ್ಕಿಗಿಂತ ಮೂರು ನಾಲ್ಕು ಪಟ್ಟು ನಾರು ರಾಗಿಯಲ್ಲಿದೆ. ಆದರೆ ನುಣ್ಣಗೆ ಬೀಸಿ, ಜರಡಿ ಹಿಡಿದು, ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ ಒಂದು ತಟ್ಟೆ ಅನ್ನ ಉಂಡರೆ ರಾಗಿ ತಾನೇ ಏನು ಮಾಡೀತು?

ಹಾಗಂತ ಮುದ್ದೆ ಬಿಡಿಸಿ ಓಟ್ಸ್ ತಿನ್ನಿ ಅನ್ನುವವರು ಆ ಊರು ತಿಳಿದವರಲ್ಲ. ‘ಮುದ್ದೆ ಚಿಕ್ಕದು ಮಾಡಿ, ಸಾರಿನಲ್ಲಿ ಸೊಪ್ಪು, ಕಾಳು ಹೆಚ್ಚು ಮಾಡಿ. ಬಸ್ಸಾರಿನ ಪಲ್ಯವನ್ನು ನೆಂಚಿಕೊಳ್ಳೋದಕ್ಕೆ ಅಂತ ಇಡಬೇಡಿ, ತಟ್ಟೆಯ ಅರ್ಧ ಅದೇ ಇರಲಿ. ಮುದ್ದೆ ಉಂಡ ದಿನ ಅನ್ನ ಒಂದೇ ಸೌಟು’ — ಹೀಗೆ ಹೇಳಿದರೆ ಯಾವ ಅಜ್ಜಿಯೂ ಕೇಳ್ತಾರೆ. ಬೆಲ್ಲ, ಜೇನುತುಪ್ಪದ ವಿಷಯವೂ ಇಷ್ಟೆ. ರಕ್ತಕ್ಕೆ ಸೇರಿದ ಮೇಲೆ ಅವೂ ಸಕ್ಕರೆಯೇ.

ವ್ಯಾಯಾಮದ ಮಾತೂ ಎಲ್ಲರಿಗೂ ಒಂದೇ ಅಲ್ಲ. ಕೊಳ್ಳೇಗಾಲ ರೇಷ್ಮೆ ಸೀರೆಯ ಊರು. ಮಗ್ಗದ ಮುಂದೆ ದಿನವಿಡೀ ಕೂರುವವರಿಗೆ ಗಂಟೆಗೊಮ್ಮೆ ಎದ್ದು ಓಡಾಡಿ ಅನ್ನಬೇಕು. ಹೊಲದಲ್ಲಿ ಬೆಳಗಿನಿಂದ ಬಗ್ಗಿ ಕಳೆ ಕೀಳುವ ಹೆಂಗಸಿಗೆ ‘ವಾಕಿಂಗ್ ಮಾಡಿ’ ಅಂದರೆ ನಗಾಡಿಬಿಡುತ್ತಾಳೆ. ಆಕೆಗೆ ಬೇಕಾದದ್ದು ಹೊತ್ತಿಗೆ ಸರಿಯಾದ ಊಟ.

ಸೋಮವಾರದ ಒಪ್ಪತ್ತು

ಮಾದಪ್ಪನ ಸೀಮೆ ಅದು. ಸೋಮವಾರ ಅಂದರೆ ಎಷ್ಟೋ ಮನೆಗಳಲ್ಲಿ ಒಪ್ಪತ್ತು. ಶ್ರಾವಣ, ಕಾರ್ತಿಕದಲ್ಲಂತೂ ಕೇಳೋದೇ ಬೇಡ. ಅದೇ ಊರಿನಲ್ಲಿ ರಂಜಾನ್ ತಿಂಗಳ ಉಪವಾಸ ಹಿಡಿಯುವ ಮನೆಗಳೂ ಇವೆ. ಉಪವಾಸ ಇರುವುದು ಅವರವರ ಶ್ರದ್ಧೆ. ತೊಂದರೆ ಬರುವುದು ಬೆಳಗಿನ ಮಾತ್ರೆ ಎಂದಿನಂತೆ ನುಂಗಿ, ಊಟ ಮಾತ್ರ ಬಿಟ್ಟಾಗ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಮಾತ್ರೆಗಳು ಊಟ ಮಾಡದಿದ್ದರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ಇನ್ಸುಲಿನ್ ಕೂಡ ಹಾಗೆಯೇ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಬೆವರು, ಕೈನಡುಕ, ಎದೆ ಡವಗುಟ್ಟುವುದು, ಕಣ್ಣು ಮಂಜಾಗುವುದು, ಸುಮ್ಮಸುಮ್ಮನೆ ಸಿಡಿಮಿಡಿ ಶುರುವಾಗುತ್ತೆ. ಆಗಲೂ ಏನೂ ತಿನ್ನದಿದ್ದರೆ ಪ್ರಜ್ಞೆ ತಪ್ಪಬಹುದು. ಮನೆಯವರು ಏನಂದುಕೊಳ್ಳುತ್ತಾರೆ ಹೇಳಿ? ‘ಉಪವಾಸದ ಸುಸ್ತು’ ಅಂತಾರೆ, ಇಲ್ಲವೇ ‘ಮೈಮೇಲೆ ದೇವರು ಬಂತು’ ಅಂತಾರೆ!

ಆಗ ಮಾಡಬೇಕಾದದ್ದು ಬಹಳ ಸುಲಭ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ನೋಡಿ. ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಉಪವಾಸ ಮಾಡುವವರು ಮೊದಲೇ ಹೋಗಿ ಸಮಾಲೋಚಕಿಗೆ ಹೇಳಬೇಕು. ಅವರು ಡಾಕ್ಟರನ್ನು ಕೇಳಿ ಆ ದಿನದ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿ ಕೊಡುತ್ತಾರೆ. ಕೆಲವರಿಗೆ ಉಪವಾಸವೇ ಬೇಡ ಅನ್ನಬೇಕಾಗುತ್ತದೆ. ‘ಒಪ್ಪತ್ತು ಇರ್ತೀರಾ ಅಮ್ಮ?’ ಅಂತ ಕೇಳುವವರೇ ಇಲ್ಲದಿದ್ದರೆ ಇದು ಹೊರಗೆ ಬರುವುದೇ ಇಲ್ಲ. ಡಾಕ್ಟರು ಕೇಳಲಿಲ್ಲ, ಇವರು ಹೇಳಲಿಲ್ಲ.

ಬರಿಗಾಲ ನಡಿಗೆ

ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ನೋಡಿದ್ದೀರಾ? ಕೊಳ್ಳೇಗಾಲ, ಹನೂರು ದಾಟಿ, ತಾಳಬೆಟ್ಟದಿಂದ ಮೇಲಕ್ಕೆ ಹತ್ತುತ್ತಾರೆ. ಬಹಳ ಜನ ಬರಿಗಾಲು. ಹರಕೆ ಅಂದರೆ ಹರಕೆ.

ಆದರೆ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದವರ ಪಾದದ ನರಗಳು ಮೆಲ್ಲಗೆ ಮಂದವಾಗುತ್ತವೆ. ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಕಾದ ಟಾರಿನ ಮೇಲೆ ಬೊಬ್ಬೆ ಎದ್ದರೂ ನೋವಾಗುವುದಿಲ್ಲ. ನೋವಿಲ್ಲ ಅಂದಮೇಲೆ ಗಾಯ ನೋಡಿಕೊಳ್ಳುವವರು ಯಾರು? ಕೀವಾಗಿ, ವಾಸನೆ ಬಂದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಕೆಲವರ ಬೆರಳು ತೆಗೆಯಬೇಕಾಗುತ್ತದೆ, ಕೆಲವರದು ಕಾಲೇ ಹೋಗುತ್ತದೆ. ದುಡಿಯುವ ಮನೆಯಲ್ಲಿ ಒಂದು ಕಾಲು ಹೋದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಜೋಮು ಹಿಡಿದ ಪಾದದ ಕಥೆ ಈ ಸೀಮೆಗೆ ಹೊಸದಲ್ಲ. ಯಳಂದೂರು ತಾಲ್ಲೂಕಿನಲ್ಲಿ ಒಂದು ಕಾಲಕ್ಕೆ ಕುಷ್ಠರೋಗ ವಿಪರೀತವಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್, 1986ರಲ್ಲಿ ಕುಷ್ಠರೋಗದ ಕೆಲಸಕ್ಕಾಗಿಯೇ ಕರುಣಾ ಟ್ರಸ್ಟ್ ಆರಂಭಿಸಿದರು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಆ ಟ್ರಸ್ಟಿಗೆ ವಹಿಸಿಕೊಟ್ಟಿತು. ಕುಷ್ಠರೋಗದಲ್ಲೂ ಪಾದದ ಸ್ಪರ್ಶ ಹೋಗುತ್ತದೆ. ದಿನಾ ಪಾದ ನೋಡಿಕೊಳ್ಳಿ, ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕಿ ಅನ್ನುವುದು ಆ ಕಾಯಿಲೆಯ ಪಾಠ. ಅದೇ ಪಾಠ ಈಗ ಶುಗರ್ ಇರುವವರಿಗೂ ಬೇಕು.

ಸಮಾಲೋಚಕಿಯ ಮೇಜಿನ ಮೇಲೆ ಒಂದು ನೈಲಾನ್ ಎಳೆ ಇರುತ್ತದೆ. ಅದನ್ನು ಅಂಗಾಲಿನ ಕೆಲವು ಕಡೆ ಒತ್ತಿ, ಕಣ್ಣು ಮುಚ್ಚಿದವರನ್ನು ‘ಗೊತ್ತಾಯ್ತಾ?’ ಅಂತ ಕೇಳುತ್ತಾರೆ. ಎರಡು ನಿಮಿಷದ ಪರೀಕ್ಷೆ, ನೋವಿಲ್ಲ. ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಸ್ಪರ್ಶ ಗೊತ್ತಾಗದವರು ಬೆಟ್ಟಕ್ಕೆ ಹೋಗಲೇಬಾರದು ಅಂತೇನಿಲ್ಲ. ಬಸ್ಸಿನಲ್ಲಿ ಹೋಗಬಹುದು. ನಡೆದೇ ಹೋಗಬೇಕು ಅಂದರೆ ಹೊಂದುವ ಚಪ್ಪಲಿ ಅಥವಾ ಕಾಲುಚೀಲ, ಶೂ ಹಾಕಿಕೊಳ್ಳಬೇಕು. ತಂಗುವ ಕಡೆಯೆಲ್ಲ ಪಾದ ಪರೀಕ್ಷಿಸಿಕೊಳ್ಳಬೇಕು. ಮಾದಪ್ಪ ಮುನಿಸಿಕೊಳ್ಳುವುದಿಲ್ಲ.

ಸೂಜಿಯ ಭಯ

‘ಇನ್ಸುಲಿನ್ ಬರೆದರು, ಇನ್ನು ಮುಗಿಯಿತು’ ಅಂತ ಕಣ್ಣೀರು ಹಾಕುವವರನ್ನು ನೀವೂ ನೋಡಿರುತ್ತೀರಿ. ಇನ್ಸುಲಿನ್ ಕೊನೆಯ ಔಷಧಿ ಅಲ್ಲ. ಮೈಯಲ್ಲಿ ಸಾಕಷ್ಟು ತಯಾರಾಗದ್ದನ್ನು ಹೊರಗಿನಿಂದ ಕೊಡುವುದು ಅಷ್ಟೆ. ಚಿಕ್ಕ ಮಕ್ಕಳಲ್ಲಿ ಬರುವ ಮಧುಮೇಹಕ್ಕಂತೂ ಅದೇ ಉಸಿರು, ಒಂದು ದಿನವೂ ನಿಲ್ಲಿಸುವಂತಿಲ್ಲ.

ಇಲ್ಲಿ ಕಲಿಯಬೇಕಾದ ಒಂದು ಮುಖ್ಯ ವಿಷಯವಿದೆ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಎರಡು ಬಗೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ನಲವತ್ತರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ನೂರರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. ನೂರರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಔಷಧಿ ಮೈಗೆ ಸೇರುತ್ತದೆ! ಮೆಡಿಕಲ್ ಸ್ಟೋರಿನಲ್ಲಿ ‘ಒಂದು ಸಿರಿಂಜ್ ಕೊಡಿ’ ಅಂತ ತರುವಾಗ ಬಾಟಲಿಯನ್ನೂ ತೋರಿಸಿ.

ಫ್ರಿಜ್ ಇದ್ದವರು ಇನ್ಸುಲಿನ್ ಅನ್ನು ಬಾಗಿಲ ಅರೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಸಣ್ಣ ಕುಡಿಕೆ ಇಟ್ಟು, ಅದರೊಳಗೆ ಬಾಟಲಿ ಇಡಬಹುದು. ನೆರಳಲ್ಲಿಟ್ಟು ಮರಳು ಒಣಗದಂತೆ ನೋಡಿಕೊಂಡರೆ ಸಾಕು. ಚುಚ್ಚುವ ಜಾಗವನ್ನು ದಿನಾ ಬದಲಿಸಬೇಕು. ಒಂದೇ ಕಡೆ ಚುಚ್ಚಿದರೆ ಗಂಟಾಗಿ ಔಷಧಿ ಸರಿಯಾಗಿ ಹಿಡಿಯುವುದಿಲ್ಲ.

ನಿಮ್ಮ ಸಕ್ಕರೆ ನೋಡುವವರು ಯಾರು?

ಮನೆಯವರ ಪಥ್ಯಕ್ಕೆ ಬೇರೆ ಸಾರು ಮಾಡ್ತೀರಿ. ಮಾವನವರ ಮಾತ್ರೆ ಡಬ್ಬಿ ತುಂಬಿಸ್ತೀರಿ. ಎಲ್ಲರೂ ಉಂಡ ಮೇಲೆ ಮೂರು ಗಂಟೆಗೆ ಉಳಿದ ಅನ್ನ ಹಾಕಿಕೊಂಡು ಕೂರ್ತೀರಿ. ‘ಬಿಸಾಕೋಕೆ ಮನಸ್ಸಾಗಲ್ಲ’ ಅಂತ ಮಕ್ಕಳು ಬಿಟ್ಟ ತಿಂಡಿಯನ್ನೂ ಮುಗಿಸ್ತೀರಿ. ಕೊನೆಯ ಸಲ ನಿಮ್ಮ ರಕ್ತ ಪರೀಕ್ಷೆ ಆದದ್ದು ಯಾವಾಗ? ಹೆರಿಗೆಯ ಸಮಯದಲ್ಲಿ ಅಂತೀರಾ?

ಆ ಹೆರಿಗೆಯ ಚೀಟಿಯನ್ನೇ ಒಮ್ಮೆ ತೆಗೆದು ನೋಡಿ. ಬಸುರಿಯಲ್ಲಿ ಸಕ್ಕರೆ ಬಂದು ಹೋಗಿದ್ದರೆ ಮುಂದೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಬಸುರಿಯರಿಗೆ ಮೊದಲ ಭೇಟಿಯಲ್ಲೂ, ಮತ್ತೆ 24ರಿಂದ 28ನೇ ವಾರದೊಳಗೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಪರೀಕ್ಷೆ ಮಾಡಬೇಕೆಂಬುದು ಸರ್ಕಾರದ ನಿಯಮ. 140 ಮುಟ್ಟಿದರೆ ಎಚ್ಚರ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಆಗಬೇಕು. ಬಾಣಂತನದ ಗಡಿಬಿಡಿಯಲ್ಲಿ ಸುಲಭವಾಗಿ ತಪ್ಪಿಹೋಗುವುದು ಇದೇ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆ ಇದೆ. ನಿಮ್ಮ ಮನೆ ಕೆಲಸಕ್ಕೆ ಬರುವಾಕೆಗೂ ಹೇಳಿ.

ಕೇಳಿ ಪಡೆಯೋಣ

ಕೊಳ್ಳೇಗಾಲದಲ್ಲಾಗಲಿ, ಹನೂರಿನಲ್ಲಾಗಲಿ, ನಮ್ಮ ಬಡಾವಣೆಯಲ್ಲಾಗಲಿ ಆಸ್ಪತ್ರೆ ಅಂದ ಕೂಡಲೇ ಕೇಳುವುದು ‘ಡಾಕ್ಟರು ಇದ್ದಾರಾ, ಮಾತ್ರೆ ಇದೆಯಾ’ ಅಂತ. ‘ತಿಳಿಸಿ ಹೇಳುವವರು ಇದ್ದಾರಾ’ ಅಂತ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಆ ಹುದ್ದೆ ಖಾಲಿ ಬಿದ್ದರೂ ಯಾರಿಗೂ ತೋಚುವುದಿಲ್ಲ. ಇದ್ದವರನ್ನೂ ರಿಜಿಸ್ಟರ್ ತುಂಬಿಸಲು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕೂರಿಸಿದರೆ ರೋಗಿಗೆ ಸಿಗಬೇಕಾದ ಅರ್ಧ ಗಂಟೆ ಕಾಗದಕ್ಕೆ ಹೋಗುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಹುದ್ದೆ ಭರ್ತಿಯಾಗಬೇಕು. ಅವರಿಗೆ ಒಂದು ಮೇಜು, ಎರಡು ಕುರ್ಚಿ, ಗಲಾಟೆಯಿಲ್ಲದ ಒಂದು ಮೂಲೆ ಬೇಕು. ಊರಿನ ಮಾತು ಗೊತ್ತಿದ್ದವರೇ ಬೇಕು. ಕಾಲು ತೆಗೆಯುವ ಆಪರೇಷನ್ನಿನ ಖರ್ಚಿನ ಮುಂದೆ ಇದೆಲ್ಲ ಯಾವ ಲೆಕ್ಕ?

ಮುಂದಿನ ಸಲ ಚೀಟಿ ತೆಗೆದುಕೊಂಡು ಸೀದಾ ಔಷಧಿ ಅಂಗಡಿಗೆ ಹೋಗಬೇಡಿ. ‘ಇಲ್ಲಿ ಶುಗರ್ ಬಗ್ಗೆ ತಿಳಿಸಿ ಹೇಳುವವರು ಯಾರು?’ ಅಂತ ಕೇಳಿ, ಅವರ ಎದುರು ಕೂತುಕೊಳ್ಳಿ. ಊರಿನಲ್ಲಿರುವ ಅತ್ತೆಯವರನ್ನೂ ಒಮ್ಮೆ ಜೊತೆಗೆ ಕರೆದೊಯ್ಯಿರಿ.

ಹೋಗುವಾಗ ಗಮನದಲ್ಲಿರಲಿ

• ಹಿಂದಿನ ರಿಪೋರ್ಟ್‌ಗಳು, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಇರಲಿ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಮುಚ್ಚಿಡಬೇಡಿ.

• ಹಿಂದಿನ ಮೂರು ದಿನ ಏನೇನು ತಿಂದಿರಿ ಅಂತ ಬರೆದುಕೊಳ್ಳಿ. ಟೀ, ಕಡ್ಲೆಪುರಿ, ಪ್ರಸಾದ ಎಲ್ಲವೂ ಸೇರಲಿ.

• ಉಪವಾಸ, ಹರಕೆ, ಜಾತ್ರೆ, ಪ್ರಯಾಣ ಇದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವೇ ಬಿಡಬೇಡಿ, ನೀವೇ ಹೆಚ್ಚಿಸಬೇಡಿ.

• ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಎಷ್ಟು ಬಂದಿದೆ, ನಿಮಗೆ ಎಷ್ಟಿರಬೇಕು ಅಂತ ಕೇಳಿ. ಪರೀಕ್ಷೆಯ ಹಿಂದಿನ ದಿನ ಪಥ್ಯ ಮಾಡಿ ಅದನ್ನು ಏಮಾರಿಸಲಾಗದು.

• ಚಪ್ಪಲಿ ಬಿಚ್ಚಿ ಪಾದ ತೋರಿಸಿ. ಮನೆಯಲ್ಲಿ ದಿನಾ ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ, ಬಿಸಿನೀರಿನ ಚೀಲ ಇಡಬೇಡಿ.

• ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರಪಿಂಡದ ಪರೀಕ್ಷೆ ಎಲ್ಲಿ ಆಗುತ್ತೆ ಅಂತ ಕೇಳಿಕೊಳ್ಳಿ.

• ಮನೆಯ ಇನ್ನೊಬ್ಬರು ಜೊತೆಗಿರಲಿ. ಅಡುಗೆ ಮಾಡುವವರು ನೀವಾದರೆ ನೀವೇ ಹೋಗಿ. ಹೋದವರು ನಿಮ್ಮ ಸಕ್ಕರೆಯನ್ನೂ ಪರೀಕ್ಷಿಸಿಕೊಂಡೇ ಬನ್ನಿ.